ವಿಶುವಲ್ ಸ್ಕೋರ್ ಸೊನ್ನೆ: ನಾಲ್ಕು ತಿಂಗಳು ಸ್ಪಂದಿಸದೇ ಮಲಗಿದ್ದ ಒಬ್ಬರ ಕೇಸು

ರೆಫರಲ್ ಚೀಟಿಯಲ್ಲಿ ಇದ್ದಿದ್ದು ಒಂದೇ ಸಾಲು, "ವಿಇಪಿ ಮಾಡಿ, ಪೇಶಂಟ್‌ಗೆ ಕಣ್ಣು ಕಾಣುತ್ತಾ ತಿಳಿಸಿ" ಅಂತ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ಸಿಗ್ನಲ್ ತೆಗೆಯೋ ಲ್ಯಾಬಲ್ಲಿ ನನ್ನ ಕೆಲಸ, ವಿಇಪಿ ಅಂದ್ರೆ ಕಣ್ಣಿಗೆ ಬಿದ್ದ ಬೆಳಕಿಗೆ ಮೆದುಳು ಕೊಡೋ ಉತ್ತರ ಅಳೆಯೋ ಟೆಸ್ಟ್, ಇಂಥ ಚೀಟಿ ಬರ್ತಾನೇ ಇರುತ್ತೆ. ಆದ್ರೂ ಈ ಒಂದು ಕೇಸನ್ನ ಮೊದಲಿಂದ ಕೊನೆವರೆಗೂ ಬರೆದಿಡ್ಬೇಕು ಅನ್ನಿಸ್ತು, ಯಾಕಂದ್ರೆ ಇಲ್ಲಿ ಟೆಸ್ಟ್ ಸರಿಯಾಗೇ ಆಗಿತ್ತು, ರಿಸಲ್ಟೂ ಸರಿಯಾಗೇ ಬಂದಿತ್ತು, ಅದನ್ನ ಓದೋದ್ರಲ್ಲಿ ಮಾತ್ರ ನಾನು ಎಡವೋದ್ರಲ್ಲಿದ್ದೆ. ಮನೆಯವರು ಒಪ್ಪಿದಾರೆ, ಆದ್ರೂ ಗುರುತು ಸಿಗೋ ಅಂಥ ವಿವರ ಯಾವುದೂ ಹಾಕ್ತಿಲ್ಲ.

ಪೇಶಂಟ್ ನಲವತ್ತು ದಾಟಿದ ಹೆಂಗಸು. ಮೆದುಳಿನ ಮುಂಭಾಗದ ರಕ್ತನಾಳದಲ್ಲಿ ಗುಳ್ಳೆ ಥರ ಊದ್ಕೊಂಡಿದ್ದ ಅನ್ಯೂರಿಸಮ್ ಒಡೆದು ಮೆದುಳಿನ ಸುತ್ತ ರಕ್ತ ಹರಡಿತ್ತು, ತಲೆ ಹಿಡ್ಕೊಂಡು ಕುಸಿದು ಬಿದ್ದೋರು ಆಮೇಲೆ ಎಚ್ಚರ ಆಗ್ಲೇ ಇಲ್ಲ. ಕಾಯಿಲ್ ಅನ್ನೋ ಸಣ್ಣ ಲೋಹದ ಸುರುಳಿ ಹಾಕಿ ಅನ್ಯೂರಿಸಮ್ ಮುಚ್ಚಿದ್ರು, ಮೆದುಳಲ್ಲಿ ನೀರು ಕಟ್ಕೊಂಡಿದ್ದಕ್ಕೆ ಅದನ್ನ ಹರಿಸೋ ಶಂಟ್ ಅನ್ನೋ ನಳಿಕೆ ಹಾಕಿದ್ರು, ಉಸಿರಾಟಕ್ಕೆ ಗಂಟಲಲ್ಲಿ ತೂತು ಮಾಡೋ ಟ್ರೇಕಿಯಾಸ್ಟಮಿ ಆಯ್ತು, ಮೂರು ವಾರದ ಹೊತ್ತಿಗೆ ವೆಂಟಿಲೇಟರ್ ಬಿಡಿಸಿದ್ರು. ಎರಡನೇ ತಿಂಗಳಿಂದ ತಾವಾಗೇ ಕಣ್ಣು ಬಿಡೋಕೆ ಶುರು ಮಾಡಿದ್ರು, ಹಗಲು ಎಚ್ಚರ, ರಾತ್ರಿ ನಿದ್ದೆ, ಉಸಿರಾಟ ಎಲ್ಲಾ ಸರಿಯಾಯ್ತು, ಆದ್ರೆ ಕರೆದ್ರೆ ತಿರುಗಲ್ಲ, ಕೈ ಎತ್ತಿ ಅಂದ್ರೆ ಎತ್ತಲ್ಲ, ಎದುರಿಗೆ ಯಾರು ಬಂದ್ರೂ ಕಣ್ಣು ಹಿಂಬಾಲಿಸಲ್ಲ. ನಾಲ್ಕನೇ ತಿಂಗಳಲ್ಲಿ ನಮ್ಮ ಹತ್ರ ಬಂದಾಗ ಫೈಲ್ ಮೇಲೆ ಬರೆದಿದ್ದು ವೆಜಿಟೇಟಿವ್ ಸ್ಟೇಟ್. ಈ ಹೆಸರು 1972ರಿಂದ ಇದೆ, 2010ರಿಂದೀಚೆಗೆ ಇದರ ಬದಲು 'ಎಚ್ಚರ ಇದೆ ಆದ್ರೆ ಸ್ಪಂದನೆ ಇಲ್ಲ' ಅನ್ನೋ ಅರ್ಥದ ಹೆಸರೂ ಬಳಕೆಗೆ ಬಂದಿದೆ, ನನಗಂತೂ ಆ ಎರಡನೇದೇ ಸರಿ ಅನ್ಸುತ್ತೆ, ಅದರಲ್ಲಿ ಕಂಡಿದ್ದನ್ನ ಮಾತ್ರ ಹೇಳಿದಾರೆ.

ಹಾಸಿಗೆ ಪಕ್ಕದ ಪರೀಕ್ಷೆಗೆ ಬಳಸಿದ್ದು ಸಿಆರ್‌ಎಸ್-ಆರ್ ಅನ್ನೋ, ಪ್ರಜ್ಞೆ ಎಷ್ಟಿದೆ ಅಂತ ಅಳೆಯೋ ಸ್ಕೇಲು. ಕೇಳೋದು, ನೋಡೋದು, ಕೈಕಾಲು, ಬಾಯಿ, ಸಂವಹನ, ಎಚ್ಚರ ಹೀಗೆ ಆರು ಭಾಗ, ಒಟ್ಟು 23 ಅಂಕ. ಇವರಿಗೆ ಎರಡು ವಾರದಲ್ಲಿ ಐದು ಸಲ ಮಾಡಿದ್ರು, ಅದು ಸರಿಯಾದ ಕ್ರಮ, ಒಂದೇ ಸಲ ನೋಡಿ ಬರೆದುಬಿಟ್ರೆ ತಪ್ಪಾಗೋ ಸಾಧ್ಯತೆ ಜಾಸ್ತಿ. ಐದು ಸಲಾನೂ ಹೆಚ್ಚುಕಮ್ಮಿ 6 ಅಂಕ: ಜೋರು ಶಬ್ದಕ್ಕೆ ಬೆಚ್ಚೋದಕ್ಕೆ 1, ಉಗುರು ಒತ್ತಿದ್ರೆ ಕೈ ಎಳ್ಕೊಳ್ಳೋದಕ್ಕೆ 2, ಬಾಯಿಯ ರಿಫ್ಲೆಕ್ಸ್‌ಗೆ 1, ತಾನಾಗೇ ಕಣ್ಣು ಬಿಡೋದಕ್ಕೆ 2. ನೋಡೋದಕ್ಕೆ ಸೊನ್ನೆ. ಕಣ್ಣಿನ ಮುಂದೆ ಒಂದು ಇಂಚು ದೂರದಲ್ಲಿ ಬೆರಳು ಹಾಯಿಸಿದ್ರೂ ರೆಪ್ಪೆ ಮಿಟುಕಿಲ್ಲ.

ಆ ಸೊನ್ನೆ ಬಗ್ಗೆ ಸ್ವಲ್ಪ ನಿಂತು ಯೋಚನೆ ಮಾಡ್ಬೇಕು. ವೆಜಿಟೇಟಿವ್‌ನಿಂದ ಮಿನಿಮಲಿ ಕಾನ್ಷಿಯಸ್, ಅಂದ್ರೆ ಅಲ್ಪಸ್ವಲ್ಪ ಪ್ರಜ್ಞೆ ಇರೋ, ಸ್ಟೇಟ್‌ಗೆ ಬರೋ ಪೇಶಂಟ್‌ಗಳಲ್ಲಿ ಬೇಗ ಮತ್ತು ಹೆಚ್ಚಾಗಿ ಸಿಗೋ ಗುರುತುಗಳೇ ಕಣ್ಣಿನವು, ಅಂದ್ರೆ ದೃಷ್ಟಿ ಒಂದು ಕಡೆ ನಿಲ್ಲಿಸೋದು, ಚಲಿಸೋ ವಸ್ತುವನ್ನ ಹಿಂಬಾಲಿಸೋದು. ಸ್ಕೇಲ್‌ನಲ್ಲಿ ಇವೆರಡಕ್ಕೂ ಅಷ್ಟು ತೂಕ ಇದೆ, ಇವುಗಳಲ್ಲಿ ಒಂದು ಸಿಕ್ಕಿದ್ರೂ ಡಯಾಗ್ನೋಸಿಸ್ ಬದಲಾಗುತ್ತೆ. ಹಾಗಾದ್ರೆ ಕಣ್ಣೇ ಕಾಣದೇ ಇರೋರು ಆ ಗುರುತು ಎಲ್ಲಿಂದ ತೋರಿಸ್ಬೇಕು? 1996ರಲ್ಲಿ ಲಂಡನ್ನಿನ ಒಂದು ಪುನರ್ವಸತಿ ಆಸ್ಪತ್ರೆಯವರು ವೆಜಿಟೇಟಿವ್ ಅಂತ ಬಂದ 40 ಜನರನ್ನ ಕೂತು ಪರೀಕ್ಷೆ ಮಾಡಿದಾಗ 17 ಜನರಿಗೆ ಆ ಹೆಸರು ತಪ್ಪಾಗಿ ಬಿದ್ದಿತ್ತು, ಆ 17ರಲ್ಲಿ ಹೆಚ್ಚಿನವರು ಪೂರ್ತಿ ಕುರುಡರು ಇಲ್ಲಾ ದೃಷ್ಟಿ ತುಂಬಾ ಕಮ್ಮಿ ಇದ್ದೋರು. ಇದು ಬಂದು ಇಷ್ಟು ವರ್ಷ ಆದ್ರೂ ಎಷ್ಟೋ ಫೈಲ್‌ಗಳಲ್ಲಿ ಕಣ್ಣಿನ ಡಾಕ್ಟರು ನೋಡಿದ ಒಂದು ಪುಟಾನೂ ಇರಲ್ಲ, ಅದು ನನಗೆ ನಿಜವಾಗ್ಲೂ ನೋವು ಕೊಡೋ ವಿಷಯ.

ಟೆಸ್ಟ್ ಹಿಂದಿನ ದಿನ ವಾರ್ಡ್‌ಗೆ ಹೋದೆ. ಹಾಸಿಗೆ ಹತ್ರ ಅವರ ತಂಗಿ ಕೂತಿದ್ರು. ನಾನು ಸುಮ್ನೆ, ಏನಾದ್ರೂ ಬದಲಾವಣೆ ಕಾಣ್ಸುತ್ತಾ ಅಂತ ಕೇಳಿದೆ. "ಬೆಳಗ್ಗೆ ಲೈಟ್ ಹಾಕಿದ ತಕ್ಷಣ ಅಕ್ಕ ಹುಬ್ಬು ಗಂಟು ಹಾಕ್ತಾಳೆ ಮೇಡಂ, ಡಾಕ್ಟ್ರಿಗೆ ಹೇಳಿದ್ರೆ ರಿಫ್ಲೆಕ್ಸ್ ಅಂದ್ರು, ಆದ್ರೆ ನಾನು ಎದುರಿಗೆ ನಿಂತ್ರೆ ಏನೂ ಇಲ್ಲ" ಅಂದ್ರು. ಡಾಕ್ಟ್ರು ಹೇಳಿದ್ದು ತಪ್ಪಲ್ಲ, ಜೋರು ಬೆಳಕಿಗೆ ಕಣ್ಣು ಮುಚ್ಚೋಕೆ ಮೆದುಳಿನ ಹೊರಪದರ ಬೇಕಾಗಿಲ್ಲ, ಕೆಳಗಿನ ಮೆದುಳುಕಾಂಡದಲ್ಲೇ ಅದು ಮುಗಿಯುತ್ತೆ. ಆದ್ರೆ ರಿಫ್ಲೆಕ್ಸ್ ಆಗ್ಬೇಕಾದ್ರೂ ಬೆಳಕು ಅಕ್ಷಿಪಟಕ್ಕೆ ಸ್ವಲ್ಪವಾದ್ರೂ ಬೀಳ್ಬೇಕು, ಅಲ್ಲಿಂದ ನರದಲ್ಲಿ ಹೊರಡ್ಬೇಕು. ಈ ಅರ್ಧ ಮಾತು ಯಾರೂ ಮುಂದುವರಿಸಿರಲಿಲ್ಲ. ನಾನೂ ಆವತ್ತು ಬರ್ಕೊಂಡೆ ಅಷ್ಟೇ, ಮುಂದುವರಿಸಲಿಲ್ಲ.

ವಿಇಪಿ ಅಂದ್ರೆ ಏನು ಅಂತ ಗೊತ್ತಿಲ್ಲದೇ ಇರೋರಿಗೆ ಹೇಳ್ತೀನಿ. ಕಣ್ಣಿಗೆ ಬೆಳಕು ಮಿಂಚಿಸಿದಾಗ ತಲೆಯ ಹಿಂಭಾಗದಲ್ಲಿರೋ ದೃಷ್ಟಿಯ ಜಾಗದಲ್ಲಿ ಒಂದು ಪುಟ್ಟ ವಿದ್ಯುತ್ ಅಲೆ ಏಳುತ್ತೆ, ಕೆಲವೇ ಮೈಕ್ರೋವೋಲ್ಟ್‌ನಷ್ಟು. ಸಾಮಾನ್ಯ ಇಇಜಿ, ಅಂದ್ರೆ ಮೆದುಳಲ್ಲಿ ಸದಾ ನಡೀತಿರೋ ವಿದ್ಯುತ್ ಚಟುವಟಿಕೆ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಸಂತೆಯಲ್ಲಿ ಪಿಸುಮಾತು ಕೇಳಿಸ್ಕೊಂಡ ಹಾಗೆ. ಅದಕ್ಕೇ ಸೆಕೆಂಡಿಗೆ ಒಂದರಂತೆ ಫ್ಲ್ಯಾಶ್ ಕೊಟ್ಟು, ಕನಿಷ್ಠ 50 ಸಲದ್ದನ್ನ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೀತೀವಿ, ಬೆಳಕಿಗೂ ತನಗೂ ಸಂಬಂಧ ಇಲ್ಲದ ಗದ್ದಲ ಎಲ್ಲಾ ಒಂದನ್ನೊಂದು ಹೊಡೆದು ಹೋಗುತ್ತೆ, ಬೆಳಕಿಗೆ ಎದ್ದ ಅಲೆ ಮಾತ್ರ ಉಳಿಯುತ್ತೆ. ಎರಡು ಸಲ ತೆಗೆದಾಗ್ಲೂ ಅದೇ ಆಕಾರ ಬಂದ್ರೆ ಮಾತ್ರ ನಂಬ್ತೀವಿ. ಆರೋಗ್ಯವಂತರಲ್ಲಿ ಫ್ಲ್ಯಾಶ್‌ಗೆ ಸುಮಾರು 120 ಮಿಲಿಸೆಕೆಂಡ್ ಹತ್ರ ಒಂದು ದೊಡ್ಡ ಪಾಸಿಟಿವ್ ಅಲೆ ಬರುತ್ತೆ. ಇನ್ನೊಂದು ಬಗೆ ಇದೆ, ಚದುರಂಗದ ಮಣೆ ಥರ ಕಪ್ಪುಬಿಳಿ ಚೌಕಗಳು ಅದಲುಬದಲಾಗೋದು, ಅದಕ್ಕೆ 100 ಮಿಲಿಸೆಕೆಂಡ್ ಆಸುಪಾಸಲ್ಲಿ ಪಿ100 ಅನ್ನೋ ಅಲೆ. ಇದು ಹೆಚ್ಚು ನಿಖರ, ಆದ್ರೆ ಪೇಶಂಟ್ ಕಣ್ಣು ಸ್ಕ್ರೀನ್ ಮೇಲೆ ನಿಲ್ಲಿಸ್ಬೇಕು, ಫೋಕಸ್ ಆಗ್ಬೇಕು. ಸ್ಪಂದಿಸದೇ ಇರೋರಲ್ಲಿ ಅದು ಬರ್ಲಿಲ್ಲ ಅಂದ್ರೆ ಏನೂ ತೀರ್ಮಾನ ಮಾಡೋಕಾಗಲ್ಲ.

ರೆಕಾರ್ಡಿಂಗ್ ದಿನ ಮೊದಲ ಅರ್ಧ ಗಂಟೆ ಬರೀ ಗದ್ದಲದ ಜೊತೆ ಗುದ್ದಾಟ. ಹಿಂದಲೆಯ ಕೂದಲು ಬಿಡಿಸಿ, ಚರ್ಮ ಉಜ್ಜಿ, ಪೇಸ್ಟ್ ಹಾಕಿ ಎಲೆಕ್ಟ್ರೋಡ್ ಕೂರಿಸಿದೆ, ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ತಡೆ, ಅಂದ್ರೆ ಇಂಪೀಡೆನ್ಸ್, 5 ಕಿಲೋ ಓಮ್ ಒಳಗೆ ಬಂತು, ಆದ್ರೂ ಸ್ಕ್ರೀನ್ ಮೇಲೆ ದಪ್ಪ ಗೆರೆ. ಬೆಡ್‌ಸೋರ್ ಆಗದೇ ಇರ್ಲಿ ಅಂತ ಹಾಕಿದ್ದ ಏರ್ ಬೆಡ್‌ನ ಪಂಪಿಂದ ಬರ್ತಿತ್ತು, ನರ್ಸ್‌ಗೆ ಹೇಳಿ ಹತ್ತು ನಿಮಿಷ ಆಫ್ ಮಾಡಿಸ್ದೆ. ಆಮೇಲೆ ಕುತ್ತಿಗೆ ಸ್ನಾಯು ಬಿಗಿ, ಅದು ಸರಿಯಾಗಿ ಹಿಂದಲೆಯ ಎಲೆಕ್ಟ್ರೋಡ್ ಪಕ್ಕದಲ್ಲೇ, ಒಂದು ಸುತ್ತಿದ ಟವೆಲ್ ಇಟ್ಟು ತಲೆ ಸ್ವಲ್ಪ ಎತ್ತಿದ್ಮೇಲೆ ಸಡಿಲ ಆಯ್ತು. ತಂಗಿ ಭುಜ ಒತ್ತಿ, ಹೆಸರು ಕರೆದು ಎಚ್ಚರ ಮಾಡಿಸಿದ್ರು, ಯಾಕಂದ್ರೆ ತೂಕಡಿಸ್ತಿರೋ ಮೆದುಳಿನ ಉತ್ತರ ತೆಗೆದು ಅದೇ ಇವರ ಶಕ್ತಿ ಅಂತ ಬರೆಯೋದು ಅನ್ಯಾಯ. ಹಿಂದಿನ ರಾತ್ರಿ ನಿದ್ದೆ ಔಷಧಿ ಏನಾದ್ರೂ ಕೊಟ್ಟಿದಾರಾ ಅಂತಾನೂ ಚಾರ್ಟ್ ನೋಡಿದ್ದೆ, ಇರಲಿಲ್ಲ.

ಎಲ್ಇಡಿ ಗಾಗಲ್ ಹಾಕಿ ಒಂದೊಂದೇ ಕಣ್ಣಿಗೆ ಕೊಟ್ಟೆ. ಬಲಗಣ್ಣಿಗೆ ಒಂದು ಅಲೆ ಬಂತು, ಸಣ್ಣದು, ಚಪ್ಪಟೆ, 165 ಮಿಲಿಸೆಕೆಂಡ್‌ನಲ್ಲಿ, ಎರಡು ಸಲಾನೂ ಅದೇ ಜಾಗ. ಎಡಗಣ್ಣಿಗೆ ಒಂದು ಸಲ ಏನೋ ಇದ್ದ ಹಾಗೆ ಕಾಣ್ತು, ಎರಡನೇ ಸಲ ಇಲ್ಲ. ಚೌಕಗಳಿಗೆ ಎರಡೂ ಕಣ್ಣಲ್ಲಿ ಏನೂ ಇಲ್ಲ.

ರಿಪೋರ್ಟ್ ಡ್ರಾಫ್ಟ್‌ನಲ್ಲಿ ನಾನು ಟೈಪ್ ಮಾಡಿದ್ದು, "ಎರಡೂ ಕಡೆ ದೃಷ್ಟಿ ಮಾರ್ಗದಲ್ಲಿ ತೀವ್ರ ದೋಷ". ಇಂಥ ಪೇಶಂಟ್‌ಗೆ ಈ ಸಾಲು ಓದಿದ್ರೆ ಯಾರಿಗಾದ್ರೂ ಬರೋ ಅರ್ಥ, ಮೆದುಳು ಹಾಳಾಗಿದೆ, ಅದಕ್ಕೇ ಕಾಣ್ತಿಲ್ಲ, ಅಂದ್ರೆ ವೆಜಿಟೇಟಿವ್ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ಆ ಸಾಲು ಹಾಗೇ ಹೋಗಿದ್ರೆ ಮುಂದಿನದ್ದು ಯಾವುದೂ ಆಗ್ತಿರಲಿಲ್ಲ ಅನ್ನೋದು ಈಗ್ಲೂ ಎದೆಗೆ ಚುಚ್ಚುತ್ತೆ.

ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಗಾಗಲ್ ಹಾಕೋಕ್ ಮುಂಚೆ ರೆಪ್ಪೆ ಎತ್ತಿ ಟಾರ್ಚ್ ಬಿಟ್ಟಾಗ ಎರಡೂ ಕಣ್ಣಿನ ಪಾಪೆ ಕಿರಿದಾಗಿದ್ದನ್ನ ನಾನೇ ಶೀಟಲ್ಲಿ ಬರೆದಿದ್ದೆ. ಪಾಪೆ ಕಿರಿದಾಗುತ್ತೆ ಅಂದ್ರೆ ಅಕ್ಷಿಪಟ, ಕಣ್ಣಿನ ನರ ಎರಡೂ ಒಂದು ಮಟ್ಟಕ್ಕೆ ಕೆಲಸ ಮಾಡ್ತಿವೆ. ಸ್ಕ್ಯಾನ್ ತೆಗೆದು ನೋಡಿದ್ರೆ ಹಿಂದಲೆಯ ದೃಷ್ಟಿ ಭಾಗ ಹಾಳಾಗಿರಲಿಲ್ಲ, ಏಟು ಬಿದ್ದಿದ್ದು ಮುಂಭಾಗಕ್ಕೆ. ನರ ಸರಿ ಇದೆ, ಹಿಂದಲೆ ಸರಿ ಇದೆ, ಆದ್ರೂ ಅಲೆ ಸಣ್ಣದು, ತಡ. ಹಾಗಾದ್ರೆ ಒಳಗೆ ಹೋಗ್ತಿರೋ ಬೆಳಕೇ ಕಮ್ಮಿ ಇರ್ಬೋದಲ್ವಾ? ಮಂಕು ಬೆಳಕಿಗೆ ಯಾರ ಮೆದುಳೇ ಆದ್ರೂ ಸಣ್ಣದಾಗಿ, ನಿಧಾನವಾಗಿ ಉತ್ತರ ಕೊಡುತ್ತೆ.

ಹಳೇ ಫೈಲ್ ಪೂರ್ತಿ ತಿರುವಿ ಹಾಕಿದೆ. ಐಸಿಯು ಎರಡನೇ ದಿನದ ನೋಟ್‌ನಲ್ಲಿ ಇತ್ತು: ಕಣ್ಣಿನ ಒಳಭಾಗ ಕಾಣ್ಲಿಲ್ಲ, ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿಲ್ಲ. ಹಾಕದೇ ಇದ್ದಿದ್ದಕ್ಕೆ ಒಳ್ಳೇ ಕಾರಣ ಇತ್ತು, ಮೆದುಳಿನ ಒತ್ತಡ ಏರ್ತಿದೆಯಾ ಅಂತ ಗಂಟೆ ಗಂಟೆಗೂ ಪಾಪೆ ನೋಡೋ ಪೇಶಂಟ್‌ಗೆ ಡ್ರಾಪ್ಸ್ ಹಾಕಿದ್ರೆ ಆ ಗುರುತೇ ಅಳಿಸಿಹೋಗುತ್ತೆ, ಅದಕ್ಕೆ ಮುಂದೂಡ್ತಾರೆ. ಮುಂದೂಡಿದ್ದು ಮುಂದೂಡಿದ ಹಾಗೇ ನಾಲ್ಕು ತಿಂಗಳು ಉಳಿದುಹೋಯ್ತು, ಒಂದು ವಾರ್ಡಿಂದ ಇನ್ನೊಂದಕ್ಕೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗೋ ಸಮ್ಮರಿಯಲ್ಲಿ ಆ ಸಾಲೇ ಬಿದ್ದುಹೋಗಿತ್ತು. ಒಬ್ಬರ ತಪ್ಪು ಅಂತ ಬೆರಳು ತೋರಿಸೋಕಾಗಲ್ಲ.

ರಿಪೋರ್ಟ್ ತಡೆಹಿಡಿದು ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿದೆ, ಮಾರನೇ ದಿನ ಕಣ್ಣಿನ ಡಾಕ್ಟರು ಬಂದ್ರು. ಆಫ್ತಾಲ್ಮೊಸ್ಕೋಪ್ ಹಿಡಿದ್ರೆ ಸಾಮಾನ್ಯವಾಗಿ ಪಾಪೆಯೊಳಗಿಂದ ಒಂದು ಕೆಂಪು ಹೊಳಪು ವಾಪಸ್ ಬರುತ್ತೆ, ಫೋಟೋದಲ್ಲಿ ಕಣ್ಣು ಕೆಂಪಗೆ ಬರುತ್ತಲ್ಲ ಅದೇ. ಇಲ್ಲಿ ಎರಡೂ ಕಡೆ ಕಪ್ಪು. ಡ್ರಾಪ್ಸ್ ಹಾಕಿ ನೋಡಿದ್ರೆ ಕಣ್ಣೊಳಗಿನ ಜೆಲ್ ತುಂಬಾ ಹಳೇ ರಕ್ತ. ಇದಕ್ಕೆ ಟೆರ್ಸನ್ ಸಿಂಡ್ರೋಮ್ ಅಂತಾರೆ, ಆಲ್ಬರ್ಟ್ ಟೆರ್ಸನ್ ಅನ್ನೋ ಫ್ರೆಂಚ್ ಕಣ್ಣಿನ ಡಾಕ್ಟರು 1900ರಲ್ಲಿ ವಿವರಿಸಿದ್ದು. ಮೆದುಳಿನ ಸುತ್ತ ರಕ್ತಸ್ರಾವ ಆಗಿ ತಲೆಬುರುಡೆಯೊಳಗೆ ಒತ್ತಡ ಒಮ್ಮೆಲೇ ಏರಿದಾಗ ಅದು ಕಣ್ಣಿಗೂ ತಟ್ಟಿ ಅಕ್ಷಿಪಟದ ಸೂಕ್ಷ್ಮ ನಾಳಗಳು ಒಡೀತವೆ. ಬಿದ್ದಾಗಲೇ ಆಳವಾಗಿ ಪ್ರಜ್ಞೆ ತಪ್ಪಿದವರಲ್ಲಿ ಇದು ಹೆಚ್ಚು, ಅಂದ್ರೆ ಯಾರು "ನನಗೆ ಕಾಣ್ತಿಲ್ಲ" ಅಂತ ಹೇಳೋಕಾಗಲ್ವೋ ಅವರಲ್ಲೇ ಹೆಚ್ಚು.

ಅಲ್ಟ್ರಾಸೌಂಡ್ ಬಿ-ಸ್ಕ್ಯಾನ್‌ನಲ್ಲಿ ಎರಡೂ ಅಕ್ಷಿಪಟ ಜಾಗದಲ್ಲೇ ಅಂಟ್ಕೊಂಡಿದ್ವು. ಜೋರು ಫ್ಲ್ಯಾಶ್ ಕೊಟ್ಟು ಇಆರ್‌ಜಿ ತೆಗೆದಾಗ, ಅಂದ್ರೆ ಅಕ್ಷಿಪಟದ್ದೇ ಸಿಗ್ನಲ್, ಬಲಗಡೆ ಸಣ್ಣದಾದ್ರೂ ಚೆನ್ನಾಗಿ ಬಂತು, ಎಡಗಡೆ ತೀರಾ ಕಮ್ಮಿ. ಇಂಥ ರಕ್ತ ಕೆಲವರಲ್ಲಿ ತಿಂಗಳುಗಟ್ಟಲೆ ಕಾದ್ರೆ ತಾನೇ ಕರಗುತ್ತೆ, ನಾಲ್ಕು ತಿಂಗಳಾದ್ರೂ ಹೋಗದೇ ಇದ್ದಿದ್ರಿಂದ ವಿಟ್ರೆಕ್ಟಮಿ, ಅಂದ್ರೆ ರಕ್ತ ತುಂಬಿದ ಆ ಜೆಲ್ ತೆಗೆಯೋ ಆಪರೇಷನ್, ಮಾಡೋಣ ಅಂದ್ರು, ಬಲಗಣ್ಣು ಮೊದಲು.

ಮೀಟಿಂಗ್‌ನಲ್ಲಿ ಒಬ್ಬ ಸೀನಿಯರ್ ಕೇಳಿದ್ರು, ಪ್ರಜ್ಞೆನೇ ಇಲ್ಲದೋರಿಗೆ ಅನಸ್ತೀಸಿಯಾ ಕೊಟ್ಟು ಕಣ್ಣು ಆಪರೇಷನ್ ಮಾಡೋದ್ರಿಂದ ಏನು ಲಾಭ ಅಂತ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ರಿಸ್ಕ್ ನಿಜವಾಗ್ಲೂ ಇತ್ತು. ಆದ್ರೆ ಆ ಪ್ರಶ್ನೆ ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲುತ್ತೆ ನೋಡಿ, ಪ್ರಜ್ಞೆ ಇಲ್ಲ ಅಂತ ಬರೆದಿದ್ದು ಕಣ್ಣು ಸ್ಪಂದಿಸ್ತಿಲ್ಲ ಅನ್ನೋದನ್ನೂ ಸೇರಿಸ್ಕೊಂಡು, ಈಗ ಪ್ರಜ್ಞೆ ಇಲ್ಲ ಅಂತ ಕಣ್ಣು ಬಿಟ್ಟುಬಿಟ್ರೆ ಅದು ಸರಿಯೋ ತಪ್ಪೋ ಗೊತ್ತಾಗೋ ದಾರಿನೇ ಮುಚ್ಚಿಹೋಗುತ್ತೆ. ತಂಗಿಗೆ ಎಲ್ಲಾ ಬಿಡಿಸಿ ಹೇಳಿದ್ರು, ಕಣ್ಣು ಕಂಡ್ರೂ ಬೇರೇನೂ ಬದಲಾಗದೇ ಇರ್ಬೋದು ಅನ್ನೋದನ್ನೂ. ಅವರು ಸಹಿ ಹಾಕಿದ್ರು.

ಆಪರೇಷನ್ ಆಗಿ ಮೂರು ವಾರಕ್ಕೆ ಮತ್ತೆ ವಿಇಪಿ. ಅದೇ ಗಾಗಲ್, ಅದೇ ಎಲೆಕ್ಟ್ರೋಡ್ ಜಾಗ, ಅದೇ ಬೆಳಗಿನ ಹೊತ್ತು. ಬಲಗಣ್ಣಿನ ಅಲೆ 165ರಿಂದ 124 ಮಿಲಿಸೆಕೆಂಡ್‌ಗೆ ಬಂದಿತ್ತು, ಎತ್ತರಾನೂ ಜಾಸ್ತಿ. ಚೌಕಗಳನ್ನ ಹಾಕಿ, ತಂಗಿಯ ಕೈಯಲ್ಲಿ ರೆಪ್ಪೆ ಹಿಡಿಸಿ, ಕಣ್ಣಿಗೆ ನೀರಿನ ಡ್ರಾಪ್ಸ್ ಬಿಡ್ತಾ ಬಿಡ್ತಾ ತೆಗೆದ್ವಿ, ದೊಡ್ಡ ಚೌಕಕ್ಕೆ 121ರಲ್ಲಿ ಪಿ100 ಬಂತು, ಸಣ್ಣ ಚೌಕಕ್ಕೆ ಬರ್ಲಿಲ್ಲ. ಅಂದ್ರೆ ಸೂಕ್ಷ್ಮ ವಿವರ ಇಲ್ದಿದ್ರೂ ದಪ್ಪ ಆಕಾರದ ಮಾಹಿತಿ ಹಿಂದಲೆಗೆ ತಲುಪ್ತಿದೆ. ಇಷ್ಟೇ ಹೇಳ್ಬೋದು. ತಲುಪಿದ್ದನ್ನ ಅವರು "ನೋಡ್ತಿದಾರೆ" ಅಂತ ಹೇಳೋಕೆ ಈ ಅಲೆ ಸಾಲಲ್ಲ.

ಅದೇ ವಾರ ಸಿಆರ್‌ಎಸ್-ಆರ್ ಮಾಡ್ದಾಗ ಕನ್ನಡಿ ಹಿಡಿದ್ರು. ಬಣ್ಣದ ಚೆಂಡು, ಎದುರಿಗಿನ ವ್ಯಕ್ತಿ ಇವೆಲ್ಲಕ್ಕಿಂತ ಪೇಶಂಟ್‌ಗಳ ಕಣ್ಣು ತಮ್ಮದೇ ಮುಖ ಕಾಣೋ ಕನ್ನಡಿಯನ್ನ ಹೆಚ್ಚು ಹಿಂಬಾಲಿಸುತ್ತೆ, ಅದಕ್ಕೇ ಕನ್ನಡಿನೇ ಬಳಸ್ಬೇಕು ಅನ್ನೋದು. ಮುಖದಿಂದ ಒಂದು ಗೇಣಿಗಿಂತ ಹತ್ರ ಹಿಡಿದು ನಿಧಾನವಾಗಿ ಬಲಕ್ಕೆ ಸರಿಸಿದ್ರು. ಕಣ್ಣು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಕನ್ನಡಿ ಜೊತೆ ಹೊರಟ್ತು, ತಡವರಿಸ್ತಾ, ಆದ್ರೆ ಬಿಡದೆ, 45 ಡಿಗ್ರಿ ತನಕ. ಎಡಕ್ಕೂ ಒಂದು ಸಲ ಬಂತು. ನಿಯಮದ ಪ್ರಕಾರ ಯಾವ ದಿಕ್ಕಲ್ಲಾದ್ರೂ ಎರಡು ಸಲ ಪೂರ್ತಿ ಹಿಂಬಾಲಿಸಿದ್ರೆ ಸಾಕು. ವಿಶುವಲ್ ಸ್ಕೋರ್ ಸೊನ್ನೆಯಿಂದ 3, ಒಟ್ಟು 9, ಡಯಾಗ್ನೋಸಿಸ್ ಮಿನಿಮಲಿ ಕಾನ್ಷಿಯಸ್. ತಂಗಿ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ಗೋಡೆ ಕಡೆ ತಿರುಗಿ ನಿಂತಿದ್ರು.

ಮುಂದಿನ ಪ್ರಶ್ನೆ ಆಕಾರ ಏನು ಅಂತ ಮೆದುಳಿಗೆ ಗೊತ್ತಾಗ್ತಿದೆಯಾ ಅನ್ನೋದು. ಇದಕ್ಕೆ ಬಳಸಿದ ವಿಧಾನ ನನಗೆ ತುಂಬಾ ಇಷ್ಟ, ಪೇಶಂಟ್ ಏನೂ ಮಾಡ್ಬೇಕಾಗಿಲ್ಲ. ಸೆಕೆಂಡಿಗೆ 6 ಚಿತ್ರ ಹಾಯಿಸ್ತೀವಿ, ಮರ, ಕುರ್ಚಿ, ಪ್ರಾಣಿ, ಗಡಿಯಾರ, ಪ್ರತೀ ಐದನೇದು ಮಾತ್ರ ಯಾರದ್ದಾದ್ರೂ ಮುಖ. ಮೆದುಳು ಬರೀ ಬದಲಾವಣೆ ಗಮನಿಸ್ತಿದ್ರೆ ಸೆಕೆಂಡಿಗೆ 6 ಸಲ, ಅಂದ್ರೆ 6 ಹರ್ಟ್ಸ್‌ನಲ್ಲಿ ಮಾತ್ರ ಉತ್ತರ ಬರ್ಬೇಕು, ಮುಖ ಬೇರೆ, ವಸ್ತು ಬೇರೆ ಅಂತ ವಿಂಗಡಿಸ್ತಿದ್ರೆ 1.2 ಹರ್ಟ್ಸ್‌ನಲ್ಲೂ ಒಂದು ಚೂಪು ಏಳ್ಬೇಕು. ಮೂರು ರೆಕಾರ್ಡಿಂಗ್‌ನಲ್ಲಿ ಎರಡರಲ್ಲಿ ಎದ್ದಿತು, ತಲೆಯ ಬಲ ಹಿಂಬದಿಯಲ್ಲಿ, ಮುಖಕ್ಕೆ ಸಂಬಂಧಿಸಿದ ಉತ್ತರ ಸಾಮಾನ್ಯವಾಗಿ ಎಲ್ಲಿ ಜೋರಾಗಿರುತ್ತೋ ಅಲ್ಲೇ. ಅದೇ ಚಿತ್ರಗಳನ್ನ ಚೂರು ಮಾಡಿ ಕಲಸಿ ತೋರಿಸ್ದಾಗ ಏಳ್ಲಿಲ್ಲ.

ಈ ದಾರಿ ಹೊಸದಲ್ಲ. 1998ರಲ್ಲಿ ಕೇಂಬ್ರಿಡ್ಜ್‌ನ ತಂಡ ದಿ ಲ್ಯಾನ್ಸೆಟ್‌ನಲ್ಲಿ ಬರೆದ ಕೇಸೂ ಇದೇ ರೀತಿ, ವೆಜಿಟೇಟಿವ್ ಅಂತ ಹೇಳಿದ್ದ ಯುವತಿಗೆ ಪರಿಚಯದವರ ಫೋಟೋ ತೋರಿಸಿ ಪೆಟ್ ಸ್ಕ್ಯಾನ್ ಮಾಡಿದಾಗ ಮುಖ ಗುರುತಿಸೋ ಭಾಗ ಚುರುಕಾಗಿತ್ತು, ಆಮೇಲೆ ಆಕೆ ಚೇತರಿಸ್ಕೊಂಡ್ರು. ಆದ್ರೆ ಒಂದು ಎಚ್ಚರಿಕೆ ಬೇಕು, ಮುಖವನ್ನ ಮೆದುಳು ಗಮನ ಇಲ್ಲದೆನೂ ಒಂದು ಮಟ್ಟಕ್ಕೆ ವಿಂಗಡಿಸುತ್ತೆ, ಹಾಗಾಗಿ ಆ 1.2 ಹರ್ಟ್ಸ್ ಚೂಪನ್ನ ತೋರಿಸಿ "ಅಕ್ಕ ನಿಮ್ಮನ್ನ ಗುರುತು ಹಿಡಿದ್ರು" ಅಂತ ತಂಗಿಗೆ ಹೇಳೋದು ಸುಳ್ಳಾಗುತ್ತೆ. ನಾನು ಹೇಳ್ಲಿಲ್ಲ. ಹೇಳ್ಬೇಕು ಅಂತ ಬಾಯಿ ತನಕ ಬಂದಿತ್ತು.

ಕೊನೇ ಮೆಟ್ಟಿಲು, ಬೇಕು ಅಂತಲೇ ಗಮನ ಕೊಡೋದು. 2013ರಲ್ಲಿ ಬಂದ ಒಂದು ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸೋ ಸ್ಕ್ಯಾನ್) ಅಧ್ಯಯನದಲ್ಲಿ ಬೆಳಕು, ಬಣ್ಣ, ಚಲನೆ, ಆಕಾರ, ಮುಖ ಅಥವಾ ಮನೆ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ ಎರಡು ಚಿತ್ರದಲ್ಲಿ ಒಂದನ್ನ ಮಾತ್ರ ಗಮನಿಸು ಅಂತ ಪೇಶಂಟ್‌ಗೆ ಹೇಳಿದ್ರು. ನಾವು ಇಇಜಿಯಲ್ಲೇ ಪ್ರಯತ್ನ ಮಾಡಿದ್ವಿ, ಎಡದ ಚಿತ್ರ ಒಂದು ವೇಗದಲ್ಲಿ, ಬಲದ್ದು ಇನ್ನೊಂದು ವೇಗದಲ್ಲಿ ಮಿನುಗುತ್ತೆ, ಯಾವುದಕ್ಕೆ ಗಮನ ಕೊಡ್ತಾರೋ ಆ ವೇಗದ ಉತ್ತರ ದೊಡ್ಡದಾಗ್ಬೇಕು. ಮಿನುಗೋ ಬೆಳಕಿಂದ ಫಿಟ್ಸ್ ಬರೋ ಅಪಾಯ ಇರೋದ್ರಿಂದ ನ್ಯೂರಾಲಜಿಸ್ಟ್ ಪಕ್ಕದಲ್ಲೇ ನಿಂತಿದ್ರು. ಎರಡು ದಿನ ಮಾಡಿದ್ವಿ, ಏನೂ ಸಿಗಲಿಲ್ಲ, ಹೇಳಿದ್ದಕ್ಕೂ ಉತ್ತರಕ್ಕೂ ಸಂಬಂಧಾನೇ ಇರಲಿಲ್ಲ.

ಇದನ್ನ ರಿಪೋರ್ಟಲ್ಲಿ ಹೇಗೆ ಬರೆಯೋದು ಅಂತ ತುಂಬಾ ಹೊತ್ತು ಕೂತಿದ್ದೆ. 2024ರಲ್ಲಿ ಪ್ರಕಟ ಆದ, ಹಲವು ಕೇಂದ್ರಗಳು ಸೇರಿ ಮಾಡಿದ ದೊಡ್ಡ ಅಧ್ಯಯನದಲ್ಲಿ, ಹಾಸಿಗೆ ಪಕ್ಕ ಹೇಳಿದ ಮಾತಿಗೆ ಸ್ಪಂದಿಸದೇ ಇದ್ದ 241 ಜನರಲ್ಲಿ 60 ಜನರ ಮೆದುಳು ಎಫ್‌ಎಂಆರ್‌ಐ ಇಲ್ಲಾ ಇಇಜಿಯಲ್ಲಿ ಸ್ಪಂದಿಸಿತ್ತು, ಎಲ್ಲರೂ ಇದನ್ನೇ ಹೇಳ್ತಾರೆ. ಅದೇ ಅಧ್ಯಯನದ ಇನ್ನೊಂದು ಲೆಕ್ಕ ನಮ್ಮಂಥ ಲ್ಯಾಬ್‌ನೋರಿಗೆ ಇನ್ನೂ ಮುಖ್ಯ: ಕಣ್ಣಿಗೆ ಕಾಣೋ ಹಾಗೆ ಮಾತು ಕೇಳಿ ಸ್ಪಂದಿಸ್ತಿದ್ದ 112 ಜನರಲ್ಲಿ ಟೆಸ್ಟ್‌ನಲ್ಲಿ ಉತ್ತರ ಸಿಕ್ಕಿದ್ದು 43 ಜನರಿಗೆ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಎದುರಿಗೇ ಮಾತು ಕೇಳ್ತಿದ್ರೂ ಟೆಸ್ಟ್‌ನಲ್ಲಿ ಸೊನ್ನೆ. ಹಾಗಾಗಿ ನಾನು ಬರೆದೆ: ಬಲಗಣ್ಣಿಂದ ಆಕಾರದ ಮಾಹಿತಿ ಮೆದುಳಿಗೆ ತಲುಪ್ತಿದೆ, ಮುಖ ಮತ್ತು ವಸ್ತುವಿನ ವ್ಯತ್ಯಾಸ ಮೆದುಳು ಮಾಡ್ತಿದೆ, ಬೇಕಂತ ಗಮನ ಕೊಡೋದಕ್ಕೆ ಈ ಎರಡು ದಿನದ ಟೆಸ್ಟಲ್ಲಿ ಸಾಕ್ಷಿ ಸಿಕ್ಕಿಲ್ಲ, ಸಿಕ್ಕಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅರ್ಥ ಮಾಡ್ಕೋಬಾರ್ದು, ಮತ್ತೆ ಮಾಡ್ಬೇಕು.

ಮತ್ತೆ ಮಾಡೋ ಮುಂಚೆ ಅವರೇ ಉತ್ತರ ಕೊಟ್ರು. ಐದು ವಾರ ಆದ್ಮೇಲೆ ಥೆರಪಿಸ್ಟ್ ಒಂದು ಟೀ ಕಪ್, ಒಂದು ಬಾಚಣಿಗೆ ಬಲಗಣ್ಣಿನ ಮುಂದೆ ಪಕ್ಕ ಪಕ್ಕ ಹಿಡಿದು, ಬಾಚಣಿಗೆ ನೋಡಿ ಅಂದ್ರು. ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಣ್ಣು ನಿಧಾನಕ್ಕೆ ಬಾಚಣಿಗೆ ಕಡೆ ಸರಿದು ಅಲ್ಲೇ ನಿಂತ್ತು. ಜಾಗ ಬದಲಾಯಿಸಿ, ವಸ್ತು ಬದಲಾಯಿಸಿ ನಾಲ್ಕು ಸಲ ಕೇಳಿದ್ರು, ಮೂರು ಸಲ ಸರಿ. ಹೌದು, ಇಲ್ಲ ಅನ್ನೋ ಉತ್ತರ ಇನ್ನೂ ಬಂದಿಲ್ಲ, ಕೈ ಇನ್ನೂ ಹೇಳಿದ ಹಾಗೆ ಕೇಳಲ್ಲ, ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿ ಇದೆ. ಹೋದ ಸಲ ವಾರ್ಡ್‌ಗೆ ಹೋದಾಗ ಹಾಸಿಗೆ ಮೇಲಿನ ಗೋಡೆಗೆ ತಂಗಿ ಒಂದು ಹಾಳೆ ಅಂಟಿಸಿದ್ರು, ದಪ್ಪ ಅಕ್ಷರದಲ್ಲಿ: "ಅಕ್ಕನಿಗೆ ಬಲಗಣ್ಣು ಕಾಣುತ್ತೆ. ದಯವಿಟ್ಟು ಬಲಗಡೆ ನಿಂತು ಮಾತಾಡಿಸಿ, ಸ್ವಲ್ಪ ಹೊತ್ತು ಕಾಯಿರಿ."